ವಿಮಾನದಲ್ಲಿ ಇಬ್ಬರೇ ಇದ್ದರಂತೆ

೧೪ ನವೆಂಬರ್ ೨೦೨೪, ಗುರುವಾರ

ಅಂಗನವಾಡಿಯ ಹಳೇ ತೂಕದ ರಿಜಿಸ್ಟರಿನ ಹಿಂದೆ ಖಾಲಿ ಹಾಳೆ ಉಳಿದಿವೆ. ಅದರಲ್ಲೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚುತ್ತೇನೆ. ನಮ್ಮ ಮನೆಯ ಮಾತು ದಖ್ಖನಿ. ಮಾವನಿಗೆ ಓದಲು ಉರ್ದು ಮಾತ್ರ ಬರುತ್ತದೆ, ಅತ್ತೆಗೆ ಯಾವ ಅಕ್ಷರವೂ ಇಲ್ಲ. ಕನ್ನಡದಲ್ಲಿ ಬರೆದದ್ದನ್ನು ಈ ಮನೆಯಲ್ಲಿ ಕದ್ದು ಓದುವವರಿಲ್ಲ.

ಇವತ್ತು ಮಕ್ಕಳ ದಿನ. ಹದಿನೆಂಟು ಮಕ್ಕಳಿಗೆ ಕಾಗದದ ಟೋಪಿ ಹಾಕಿ ಕೂರಿಸಿದ್ದೆ. ಹನ್ನೊಂದರ ಹೊತ್ತಿಗೆ ಸಹಾಯಕಿ ಅಕ್ಬರಿ ಬೇಗಂ ಮೊಬೈಲು ಹಿಡಿದು ಓಡಿ ಬಂದಳು.

"ಬಾಜಿ, ಕಲಬುರಗಿಲಿಂದ ಹೋದ ವಿಮಾನ ಸಮುದ್ರದಾಗ ಬಿತ್ತಂತ. ಟಿವಿದಾಗ ಬರಲಾಕತ್ತದ."

ಎರಡು ಇಂಜಿನ್ನಿನ ಸಣ್ಣ ಜೆಟ್ಟು. ಖಾಸಗಿ ಕಂಪನಿಯದು. ಬೆಳಗ್ಗೆ ಆರೂವರೆಗೆ ಕಲಬುರಗಿಯಿಂದ ಎದ್ದದ್ದು, ಒಂಬತ್ತು ನಲವತ್ತಕ್ಕೆ ಪೂರ್ವದ ಕಡಲ ಮೇಲೆ ಕಾಣೆಯಾಗಿದೆ. ವಿಮಾನದಲ್ಲಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ.

ಇಬ್ಬರು ಪೈಲಟ್‌ಗಳು ಮಾತ್ರ! ಕೇಳಿ ನಾನು ನಕ್ಕುಬಿಟ್ಟೆ. ಇಬ್ಬರ ಸಾವಿಗೆ ನಕ್ಕ ಹೆಂಗಸು ನಾನು. ನಕ್ಕರೆ ನಕ್ಕೆ ಬಿಡಿ, ನನ್ನ ಗಂಡ ಪೈಲಟ್ ಅಲ್ಲ.

ಗುಫ್ರಾನ್ ಐಟಿಐ ಓದಿದ ಮೆಕ್ಯಾನಿಕ್. ನೀಲಪಥ ಏರ್ ಸರ್ವಿಸಸ್ ಎಂಬ ಕಂಪನಿ ನಮ್ಮ ವಿಮಾನ ನಿಲ್ದಾಣದ ಮೂಲೆಯಲ್ಲಿ ಒಂದು ಶೆಡ್ಡು ಹಿಡಿದು ಆ ಜೆಟ್ಟು ನಿಲ್ಲಿಸಿಕೊಂಡಿತ್ತು. ಎಂಟು ಜನ ದೊಡ್ಡವರು ಕಾಲು ಚಾಚಿಕೊಂಡು ಹೋಗಲೆಂದು ಮಾಡಿದ ವಿಮಾನ. ಆದರೆ ಅದಕ್ಕೆ ವಾರಕ್ಕೊಂದು ವೇಷ. ಮದುವೆಗೆ ಹೊರಟ ಸಾಹುಕಾರನಿಗೆ ಸೋಫಾ. ಹೈದರಾಬಾದಿಗೆ ಒಯ್ಯುವ ರೋಗಿಗೆ ಸೋಫಾ ಕಿತ್ತು ಸ್ಟ್ರೆಚರ್. ವರ್ದಿಯವರು, ಅಂದರೆ ಮಿಲಿಟರಿಯವರು, ಕರೆದರೆ ಸ್ಟ್ರೆಚರೂ ಕಿತ್ತು, ಆ ಜಾಗದಲ್ಲಿ ತಂತಿ ಸುತ್ತುವ ರಾಟೆ. ಮೈಲುಗಟ್ಟಲೆ ತಂತಿಯ ತುದಿಗೆ ಕೆಂಪು ಗುರಿ ಕಟ್ಟಿ ಕಡಲ ಮೇಲೆ ಎಳೆದುಕೊಂಡು ಹೋಗಬೇಕು. ಕೆಳಗೆ ಹಡಗಿನವರು ಅದಕ್ಕೆ ಗುಂಡು ಹೊಡೆದು ಕೈ ಪಳಗಿಸಿಕೊಳ್ಳುತ್ತಾರೆ. ಸೋಫಾ ಕೀಳುವವನು, ರಾಟೆ ಕೂಡಿಸುವವನು, ಒಳಗೆ ಕೂತು ತಂತಿ ಬಿಡುವವನು, ಎಳೆಯುವವನು ನನ್ನ ಗಂಡ.

"ಹೆದರಬ್ಯಾಡ, ಅವರು ಗುರಿಗೆ ಹೊಡೀತಾರ, ನನಗಲ್ಲ," ಅನ್ನುತ್ತಾನೆ.

ಇವತ್ತು ತಂತಿಯ ಕೆಲಸ ಇತ್ತು ಅಂತ ನಿನ್ನೆ ಹೇಳಿದ್ದ. ಆದರೆ ಟಿವಿ ಇಬ್ಬರೇ ಅನ್ನುತ್ತಿದೆ. ಅಂದರೆ ಇವನನ್ನು ಹತ್ತಿಸಿಕೊಂಡಿಲ್ಲ. ಅವನ ಫೋನು ಬಂದ್ ಆಗಿದೆ. ನಲವತ್ತಮೂರು ಸಲ ಮಾಡಿದೆ. ವಿಮಾನ ಬಿದ್ದ ಗದ್ದಲದಲ್ಲಿ ಯಾರಾದರೂ ಫೋನು ಇಸಿದುಕೊಂಡಿರುತ್ತಾರೆ. ಬರುತ್ತಾನೆ.

೧೫ ನವೆಂಬರ್, ಶುಕ್ರವಾರ

ಬೆಳಗ್ಗೆ ಮೊದಲ ಬಸ್ಸಿಗೆ ಕಲಬುರಗಿ, ಅಲ್ಲಿಂದ ಸೇಡಂ ರಸ್ತೆಯ ಆಟೋ. ಗೇಟಿನಲ್ಲಿ ಎರಡು ತಾಸು ನಿಲ್ಲಿಸಿದರು. ಕಡೆಗೆ ಮ್ಯಾನೇಜರ್ ಹೊರಗೆ ಬಂದ. ಬಿಳಿ ಅಂಗಿ, ಕೊರಳಲ್ಲಿ ಪಟ್ಟಿ, ಬೇರೆ ಕಡೆಯ ಕನ್ನಡ.

"ಗುಫ್ರಾನ್ ನಿನ್ನೆ ಡ್ಯೂಟಿಗೇ ಬಂದಿಲ್ಲಮ್ಮ."

"ಅವರ ಗಾಡಿ ಸ್ಟ್ಯಾಂಡಿನಾಗ ನಿಂತದಲ್ರೀ. ಈಗ ನೋಡಿ ಬಂದೀನಿ."

"ಗಾಡಿ ಬಂದಿರಬಹುದು. ಮನುಷ್ಯ ಬಂದಿಲ್ಲ."

"ಗಾಡಿ ತಾನೇ ಓಡಿಕೋತ ಬಂತೇನ್ರೀ? ಅದಕ್ಕ ಲೈಸೆನ್ಸ್ ಕೊಟ್ಟೀರೇನು?"

ಅವನು ಗಡಿಯಾರ ನೋಡಿಕೊಂಡ. ಅವನ ಹಿಂದೆ ಅರುಣಕುಮಾರ ನಿಂತಿದ್ದ. ಗುಫ್ರಾನನ ಜೊತೆ ಐಟಿಐ ಓದಿದವನು, ಈ ಕೆಲಸ ಕೊಡಿಸಿದವನು, ಈಗ ಶೆಡ್ಡಿನ ದೊಡ್ಡ ಮೇಸ್ತ್ರಿ. ನಮ್ಮ ಮನೆಯ ಬಿರಿಯಾನಿ ಉಣ್ಣದೆ ಅವನಿಗೆ ಒಂದು ಈದ್ ಹೋಗಿಲ್ಲ. "ಅರುಣಣ್ಣ, ನೀವರ ಹೇಳ್ರೀ," ಅಂದೆ. ಅರಿವೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈಯಲ್ಲಿ ಎಣ್ಣೆಯೇ ಇರಲಿಲ್ಲ.

ನಾನು ನಿನ್ನೆ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿ ಕಳಿಸಿದ್ದೇನೆ. ಡ್ಯೂಟಿಗೆ ಬಂದಿಲ್ಲ ಅಂದರೆ ನನ್ನ ರೊಟ್ಟಿ ತಿಂದವರು ಯಾರು?

೧೭ ನವೆಂಬರ್, ಭಾನುವಾರ

ನಮ್ಮೂರು ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಹತ್ತಡಿ ಎತ್ತರದ ಫ್ಲೆಕ್ಸ್ ನಿಂತಿದೆ. ಗುಫ್ರಾನನ ಮುಖ. ಕೆಳಗೆ ಸೈನಿಕನ ಮೈ, ಎದೆ ತುಂಬ ಪದಕ, ಹೆಗಲಿಗೆ ಬಂದೂಕು, ಹಿಂದೆ ಧ್ವಜ. "ಕಮಲಾಪುರದ ವೀರಯೋಧನ ಕ್ಷೇಮಕ್ಕಾಗಿ ಪ್ರಾರ್ಥಿಸೋಣ." ನಾಗಣ್ಣನ ಫ್ಲೆಕ್ಸ್ ಅಂಗಡಿಯ ಕೆಲಸ. ಊರಿನ ಗೆಳೆಯರೆಲ್ಲ ಸೇರಿ ಮಾಡಿಸಿದ್ದು.

ಇದರ ಬೇರು ನಮ್ಮ ಮನೆಯಲ್ಲೇ ಇದೆ. ನನ್ನ ಮಾವ ಸಲಾವುದ್ದೀನ್, ಬಸ್ ಡಿಪೋದಲ್ಲಿ ಟೈರು ಕೂಡಿಸಿ ನಿವೃತ್ತರಾದವರು, ಮೂರು ವರ್ಷದಿಂದ ಚಹದಂಗಡಿಯಲ್ಲಿ "ನಮ್ಮ ಹುಡುಗ ಫೌಜಿನಾಗ ಇದ್ದಾನ" ಅನ್ನುತ್ತ ಬಂದಿದ್ದಾರೆ. ಹಾಗಂದ ಮೇಲೆ ಕಟ್ಟೆಯಲ್ಲಿ ಅವರಿಗೆ ಜಾಗ ಬಿಡುತ್ತಾರೆ. ನಮ್ಮ ಹೆಸರಿನವರಿಗೆ ಈ ದೇಶದಲ್ಲಿ ಕೂಡಲು ಜಾಗ ಸಿಗಬೇಕಾದರೆ ಒಬ್ಬ ಮಗನನ್ನು ಫೌಜಿಗೆ ಕಳಿಸಿರಬೇಕು. ಕಳಿಸದಿದ್ದರೆ ಕಳಿಸಿದ್ದೇನೆ ಅನ್ನಬೇಕು. ಗುಫ್ರಾನ್ ಒಂದೆರಡು ಸಲ "ಅಬ್ಬಾ, ಹಂಗ ಅನಬ್ಯಾಡ್ರೀ" ಅಂದ. ಆಮೇಲೆ ಬಿಟ್ಟ.

ಫೋಟೋ ಕೇಳಿಕೊಂಡು ಬಂದಾಗ ಕೊಟ್ಟವಳು ನಾನೇ. ನಮ್ಮ ಮದುವೆಯದು. ಶೇರವಾನಿಯ ಕೊರಳಿನ ತನಕ ಕತ್ತರಿಸಿದ್ದಾರೆ.

ಯಾಕೆ ಕೊಟ್ಟೆ? ಫೌಜಿ ಅಂದರೆ ಹುಡುಕುತ್ತಾರೆ ಅಂತ ಕೊಟ್ಟೆ.

೨೧ ನವೆಂಬರ್, ಗುರುವಾರ

ಇಬ್ಬರು ಪೈಲಟ್‌ಗಳಲ್ಲಿ ಒಬ್ಬ, ಗೌತಮ ಎಂಬವನ ಹೆಣ ಸಿಕ್ಕಿತು. ಬಾಲದ ಒಂದು ಚೂರು, ಒಂದು ಗಾಲಿ ಸಿಕ್ಕವು. ಇನ್ನೊಬ್ಬ ಪೈಲಟ್ ಸಿಕ್ಕಿಲ್ಲ. ಹುಡುಕುವ ಕೆಲಸ ನಿಲ್ಲಿಸಿದ್ದಾರೆ ಅಂತ ಟಿವಿಯಲ್ಲಿ ಎರಡು ಸಾಲು ಬಂತು.

ಅದೇ ಮಧ್ಯಾಹ್ನ ಅಂಚೆಯಲ್ಲಿ ಒಂದು ನೋಟೀಸು. ಕಂಪನಿಯದು. ಗುಫ್ರಾನನ ಹೆಸರಿಗೆ. "ತಾವು ದಿನಾಂಕ ೧೪ರಿಂದ ಅನುಮತಿಯಿಲ್ಲದೆ ಕೆಲಸಕ್ಕೆ ಗೈರುಹಾಜರಾಗಿದ್ದು, ಏಳು ದಿನದೊಳಗೆ ಖುದ್ದಾಗಿ ಹಾಜರಾಗಿ ಕಾರಣ ನೀಡತಕ್ಕದ್ದು."

ಹರಾಮಖೋರರು. ಸಮುದ್ರದಲ್ಲಿ ಹುಡುಕುವುದನ್ನು ಬಿಟ್ಟ ದಿನವೇ ಮನೆಗೆ ಕಾಗದ ಕಳಿಸಿದ್ದಾರೆ, ಬಂದು ಕಾರಣ ಕೊಡು ಅಂತ.

ಮುದುಕಿ ಬೇರೆ ಶುರು ಮಾಡಿದ್ದಾಳೆ. ಅತ್ತೆ ರೋಷನಬಿ. "ಬೇಟಿ, ಹುಡುಕೋರೇ ಬಿಟ್ಟರಂತ. ಇದ್ದತ್ ಕೂಡು." ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇರಬೇಕಲ್ಲ, ಅದು. "ಸತ್ತಾನಂತ ನಿಮಗ ಯಾರು ಹೇಳ್ಯಾರ?" ಅಂತ ಕೂಗಿದೆ. ಓಣಿಗೆಲ್ಲ ಕೇಳುವಂತೆ ಕೂಗಿದೆ. ಮನೆಯೊಳಗೆ ಕೂತರೆ ಅವನನ್ನು ಹುಡುಕುವವರು ಯಾರು? ಈ ಮುದುಕಿಯೇ?

ಅವನು ಈಜುತ್ತಾನೆ. ಬೆಣ್ಣೆತೊರೆಯಲ್ಲಿ ಕಲಿತವನು.

೨೫ ನವೆಂಬರ್, ಸೋಮವಾರ

ಪೊಲೀಸರು ಇಬ್ಬರು ಬಂದರು. ಮೊಬೈಲಿನಲ್ಲಿ ನಮ್ಮದೇ ಫ್ಲೆಕ್ಸಿನ ಚಿತ್ರ.

"ಈ ವರ್ದಿ ನಿಮ್ಮ ಮಗಗ ಎಲ್ಲಿಂದ ಬಂತು?"

ಕಂಪನಿಯ ವಕೀಲ ಅರ್ಜಿ ಕೊಟ್ಟಿದ್ದಾನಂತೆ: ಈ ಮನುಷ್ಯ ತಾನು ಸೈನಿಕನೆಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ, ಸುಳ್ಳು ವರ್ದಿಯ ಫೋಟೋ ಇದೆ, ವಿಮಾನ ಬಿದ್ದ ದಿನದಿಂದಲೇ ತಲೆಮರೆಸಿಕೊಂಡಿದ್ದಾನೆ, ವಿಚಾರಿಸಬೇಕು. ಎಂಥ ನಯ! ಸತ್ತ ವಿಮಾನದ ಪಕ್ಕ ಒಬ್ಬ ಸಾಬರ ಹೆಸರು ಇಟ್ಟರೆ ಸಾಕು, ಉಳಿದದ್ದನ್ನು ಓದುವವರೇ ಬರೆದುಕೊಳ್ಳುತ್ತಾರೆ.

ಮಾವ ಗೋಡೆಗೆ ಆತು ನಿಂತರು. ನಾನು ಪೊಲೀಸರನ್ನು ಕರೆದುಕೊಂಡು ನಾಗಣ್ಣನ ಅಂಗಡಿಗೆ ಹೋದೆ.

"ಸಾಹೇಬ್ರ, ತಲಿ ಅವರದು, ಮುಂಡ ನಂದು," ಅಂದ ನಾಗಣ್ಣ. "ಕಂಪ್ಯೂಟರಿನಾಗ ಒಂದೇ ಮುಂಡ ಇಟ್ಟೀನಿ. ಹೋದ ವರ್ಷ ಅದೇ ಮುಂಡಕ್ಕ ನಾಲ್ಕು ತಲಿ ಹಚ್ಚೀನಿ. ಒಂದು ನಮ್ಮ ದೌಲಪ್ಪಂದು, ಅವ ಗೃಹರಕ್ಷಕ ದಳದಾಗ ಇದ್ದಾನ. ಬೇಕಂದ್ರ ನಿಮ್ಮದೂ ಹಚ್ಚಿ ತೋರಸ್ತೀನಿ, ಕುಂಡ್ರ್ರೀ."

ಒಬ್ಬ ಪೊಲೀಸ್ ನಕ್ಕ. ಇನ್ನೊಬ್ಬ ನಗಲಿಲ್ಲ, ಆದರೆ ಬರೆದುಕೊಂಡ. ಸಂಜೆ ಫ್ಲೆಕ್ಸ್ ಇಳಿಸಿದರು. ಪ್ರಾರ್ಥನೆಗೆ ಬಂದಿದ್ದ ಗೆಳೆಯರಲ್ಲಿ ಒಬ್ಬನೂ ಇಳಿಸಲು ಬರಲಿಲ್ಲ. ಮಾವ ಒಬ್ಬರೇ ಹಗ್ಗ ಬಿಚ್ಚಿದರು. ಹತ್ತಡಿಯ ಮಗನನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಊರ ನಡುವೆ ನಡೆದು ಬಂದರು.

೨ ಡಿಸೆಂಬರ್, ಸೋಮವಾರ

ಜಿಲ್ಲಾಧಿಕಾರಿ ಕಚೇರಿ ಎದುರು ಕೂತೆವು. ಅಂಗನವಾಡಿ ಸಂಘದ ಹನ್ನೆರಡು ಹೆಂಗಸರು. ಶಾರದಾಬಾಯಿ ನಮ್ಮ ಲೀಡರು. ಮೂವತ್ತು ವರ್ಷದಿಂದ ಧರಣಿ ಕೂತು ಕೂತು ಆಕೆಯ ಸೊಂಟವೇ ಹೋಗಿದೆ. "ಅಳಬ್ಯಾಡ, ಬರಿ," ಅಂದಳು. ಹಲಗೆಯ ಮೇಲೆ ಬರೆದೆ: ಮೂರನೆಯವನು ಎಲ್ಲಿ?

ಮನವಿ ತೆಗೆದುಕೊಂಡರು, ಮುದ್ರೆ ಹಾಕಿ ಕೊಟ್ಟರು, ಮೇಲಕ್ಕೆ ಕಳಿಸುತ್ತೇವೆ ಅಂದರು. ಮೇಲಿನವರ ಉತ್ತರ ನನ್ನ ಚೀಲದಲ್ಲೇ ಇತ್ತು. ಮೊದಲೇ ಎರಡು ಕಡೆ ಅರ್ಜಿ ಬರೆದು ಹಾಕಿದ್ದೆ. ವರ್ದಿಯವರ ಕಚೇರಿಯದು: ಸದರಿ ವಿಮಾನವು ಖಾಸಗಿ ಒಡೆತನದ ನಾಗರಿಕ ವಿಮಾನವಾಗಿದ್ದು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ. ವಿಮಾನ ಹಾರಲು ಪರವಾನಗಿ ಕೊಡುವ ಕಚೇರಿಯದು: ಸದರಿ ಹಾರಾಟವು ರಕ್ಷಣಾ ಉದ್ದೇಶದ್ದಾಗಿದ್ದು ವಿವರ ನೀಡಲು ಅವಕಾಶವಿರುವುದಿಲ್ಲ.

ಶಾರದಾಬಾಯಿ ಎರಡನ್ನೂ ಓದಿಸಿ ಕೇಳಿದಳು. "ಅಂದ್ರ ಏಳೋವಾಗ ಸಿವಿಲ್, ಬೀಳೋವಾಗ ಮಿಲಿಟ್ರಿ. ಸತ್ತೋರಿಗೆ ಮಾತ್ರ ವಾರಸುದಾರರಿಲ್ಲ."

"ಸತ್ತಿಲ್ಲ," ಅಂದೆ.

ಆಕೆ ನನ್ನ ಮುಖ ನೋಡಿದಳು. "ಆತು, ಸತ್ತಿಲ್ಲ. ಘೋಷಣೆ ಕೂಗು."

ಕೂಗಿದೆ. ಗಂಟಲು ಹರಿಯಿತು.

೬ ಡಿಸೆಂಬರ್, ಶುಕ್ರವಾರ

ಕಲಬುರಗಿಯ ಜೇವರ್ಗಿ ಕಾಲೋನಿ. ಅರುಣಕುಮಾರನ ಮನೆ. ಅವನ ಹೆಂಡತಿ ಮಲ್ಲಿಕಾ ಬಾಗಿಲು ಅರ್ಧ ತೆಗೆದಳು.

"ಅವರು ಊರಾಗಿಲ್ರೀ ಭಾಬಿ."

"ಸ್ನಾನದ ಮನಿಯಾಗ ನೀರು ಯಾರು ಹಾಕ್ಕೊಳ್ಳಾಕತ್ತಾರ?"

"ನಮ್ಮತ್ತಿ."

"ನಿಮ್ಮತ್ತಿ ಯಾವಾಗಿಂದ ಕೆಮ್ಮಿದ್ರ ಗಂಡಸಿನ ದನಿ ಬರಲಾಕತ್ತದ?"

ಮಲ್ಲಿಕಾಳ ಕಣ್ಣು ತುಂಬಿತು. "ಕಾಲಿಗೆ ಬೀಳ್ತೀನ್ರೀ, ಹೋಗ್ರೀ. ಅವರಿಗೆ ಮೂರು ವಾರದಿಂದ ನಿದ್ದಿಲ್ಲ." ನನಗೂ ಇಲ್ಲ ಅಂದೆ. ಮೆಟ್ಟಿಲ ಮೇಲೆ ಮೂರು ತಾಸು ಕೂತೆ. ಒಳಗಿಂದ ಒಂದು ತಂಬಿಗೆ ನೀರು ಬಂತು, ಮನುಷ್ಯ ಬರಲಿಲ್ಲ.

ಅವನಿಗೆ ಗೊತ್ತಿದೆ. ಗೊತ್ತಿಲ್ಲದವನು ಹೊರಗೆ ಬಂದು ಗೊತ್ತಿಲ್ಲ ಅನ್ನುತ್ತಾನೆ.

೭ ಡಿಸೆಂಬರ್

ಮತ್ತೆ ಹೋದೆ. ಬೀಗ.

೯ ಡಿಸೆಂಬರ್

ಬೀಗ.

೧೩ ಡಿಸೆಂಬರ್, ಶುಕ್ರವಾರ

ಜುಮ್ಮಾ ನಮಾಜು ಮುಗಿದ ಮೇಲೆ ಮಾವ ಕಾಜಿ ಸಾಹೇಬರನ್ನು ಮನೆಗೆ ಕರೆತಂದರು. ಫ್ಲೆಕ್ಸ್ ಇಳಿಸಿದ ದಿನದಿಂದ ಮಾವ ಮಾತಾಡುವುದು ಕಡಿಮೆ, ಉಣ್ಣುವುದು ಇನ್ನೂ ಕಡಿಮೆ. ಚಹದಂಗಡಿಯ ಕಡೆಗೇ ಹೋಗಿಲ್ಲ.

ನಾನು ಜಗಳಕ್ಕೆ ತಯಾರಾಗಿ ಪರದೆಯ ಹಿಂದೆ ಕೂತಿದ್ದೆ. ಕಾಜಿ ವಯಸ್ಸಾದ ಮನುಷ್ಯ. "ನೋಡಮ್ಮ, ಹಡಗು ಮುಳುಗಿದರ, ವಿಮಾನ ಬಿದ್ದರ, ಅದರಾಗ ಅವ ಇದ್ದ ಅಂತ ನೋಡಿದೋರ ಗವಾಹಿ, ಸಾಕ್ಷಿ ಬೇಕು. ಇಲ್ಲಾ ಕಾಗದ ಬೇಕು. ಎರಡೂ ಇಲ್ಲದ ನಾ ನಿನ್ನ ಬೇವಾ, ವಿಧವೆ ಅನ್ನಂಗಿಲ್ಲ. ಕಾಣೆಯಾದವನ ಹೆಂಡತಿ ನೀನು. ಕಾಯಬೇಕು. ವರ್ಷಗಟ್ಟಲೆ ಆಗಬಹುದು."

ನಾನು ಗೆದ್ದೆ ಅಂದುಕೊಂಡೆ. ಆಗ ಅತ್ತೆ ಪರದೆ ಸರಿಸಿ ಗಂಡಸರ ನಡುವೆಯೇ ಬಂದು ನಿಂತರು.

"ವರ್ಷಗಟ್ಟಲೆ ಅಂತೀರಿ ಮೌಲಾನಾ. ನಾ ಫಾತಿಹಾ ಯಾವಾಗ ಓದಸಲಿ? ಜೀವ ಇದ್ದೋನ ಹೆಸರಿಲೆ ಓದಿಸಿದ್ರ ಗುನ್ಹಾ. ಸತ್ತೋನಿಗೆ ಊಟ ಇಟ್ಟು ಓದಸದಿದ್ರ ಅವ ಅಲ್ಲಿ ಹಸಿದು ಕುಂತಿರ್ತಾನ. ನಾ ಹೆತ್ತಾಕಿ. ಏನು ಮಾಡಲಿ ಹೇಳ್ರೀ."

ಕಾಜಿ ಗಡ್ಡ ನೀವಿಕೊಂಡರು. ಕಾಗದ ಬೇಕು ಅಂದರು.

ಕಾಗದ. ಕಂಪನಿಗೂ ಕಾಗದ, ಪೊಲೀಸರಿಗೂ ಕಾಗದ, ದೇವರ ಮನೆಯವರಿಗೂ ಕಾಗದ. ಒಬ್ಬ ಮನುಷ್ಯನನ್ನು ವಿಮಾನದಲ್ಲಿ ಕೂರಿಸಲು ಯಾರೂ ಕಾಗದ ಕೇಳಲಿಲ್ಲ.

ಅಮ್ಮಿ, ಅದೇ ನನ್ನ ಅತ್ತೆ, ಇವತ್ತೂ ಅಳಲಿಲ್ಲ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಲೆಯ ಮುಂದೆ ಕೂತಿದ್ದರು. ಪಕ್ಕಕ್ಕೆ ಹೋಗಿ ಕೂತು ಮೆಂತ್ಯ ಸೋಸಿದೆ.

೨೦ ಡಿಸೆಂಬರ್, ಶುಕ್ರವಾರ

ಟಿವಿಯವನು ವಿಮಾನದ ಕಾರ್ಯಕ್ರಮ ಮಾಡಿದ. ಅದೇ ಜಾತಿಯ ಎರಡು ಇಂಜಿನ್ನಿನ ಜೆಟ್ಟಿನ ಚಿತ್ರ. ರೋಗಿಗಳ ಜೀವ ಉಳಿಸುತ್ತದೆ, ಗಡಿ ಕಾಯುವುದಕ್ಕೂ ಬರುತ್ತದೆ, ಉದ್ಯಮಿಗಳ ಸಮಯ ಉಳಿಸುತ್ತದೆ, ಒಂದೇ ಇಂಜಿನ್ನಿನಲ್ಲೂ ಇಳಿಯಬಲ್ಲದು. ಎಷ್ಟು ಹೊಗಳಿದ! ರಾಟೆಯ ಮಾತಿಲ್ಲ. ಸೋಫಾ ಕಿತ್ತವನ ಮಾತಿಲ್ಲ.

ಟಿವಿಯವನು ಹೇಳಿದ ಒಂಬತ್ತು ಸಾವಿರ ಅಡಿಯಿಂದ ಬಿದ್ದರೆ ನೀರು ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು ಲೆಕ್ಕ ಹಾಕಲು ಶುರು ಮಾಡಿ, ನನ್ನ ನೋಡಿ, ನಿಲ್ಲಿಸಿದರು.

೨೪ ಡಿಸೆಂಬರ್, ಮಂಗಳವಾರ

ಅರುಣಕುಮಾರ ಸಿಕ್ಕ. ಸೇಡಂ ರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ನಿದ್ದೆ ಗುಳಿಗೆ ಕೇಳುತ್ತಿದ್ದ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂತ ಅಂಗಡಿಯವನು ಬೈಯುತ್ತಿದ್ದ. ನಾನು ಹಿಂದೆ ನಿಂತೆ. ತಿರುಗಿದವನು ಓಡಲಿಲ್ಲ. ಓಡುವ ಶಕ್ತಿ ಇರಲಿಲ್ಲ, ಅರ್ಧ ಮನುಷ್ಯ ಆಗಿದ್ದ.

"ಅಣ್ಣ, ಒಂದು ಕೇಳ್ತೀನಿ. ಅವರು ಹತ್ತಿದ್ರೋ ಇಲ್ಲೋ?"

ರಸ್ತೆ ನೋಡುತ್ತ ಹೇಳಿದ.

"ಬಾಗಿಲಾ ನಾನೇ ಹಾಕೀನಿ ಭಾಬಿ. ಹೊರಗಿಂದ. ಹಾಕೋಮುಂದ ಅವ 'ಸಂಜಿಕಿ ಬರ್ತಾ ಕೆಂಪು ಬಾಳೆ ತರ್ತೀನಿ, ನಿನ್ನ ಮಗಳು ಕೇಳ್ಯಾಳ' ಅಂದ. ಬಾಗಿಲಾ ಹಾಕಿ ಮೂರು ಸಲ ಬಡದೆ. ಎಲ್ಲಾ ಸರಿ ಅಂತ."

"ಮತ್ತ ಕಾಗದದಾಗ?"

"ಆ ಹಾರಾಟಕ್ಕ ಇಬ್ಬರಿಗೇ ಪರವಾನಗಿ ಇತ್ತು. ರಾಟಿ ತಾನೇ ಸುತ್ತತದ, ಮನುಷ್ಯ ಬೇಕಾಗಿಲ್ಲ ಅಂತ ಬರೆದು ಕಂಪನಿ ಗುತ್ತಿಗೆ ಹಿಡದದ. ಖರೇ ಅಂದ್ರ ಆ ರಾಟಿ ಕೈ ಹಚ್ಚದ ಒಂದು ದಿನಾ ಸುತ್ತಿಲ್ಲ. ಇಬ್ಬರು ಅಂತ ಬರೆದು ಸಹಿ ಮಾಡಿದಾವ ನಾನು. ಪ್ರತಿ ಸಲಾನೂ ನಾನೇ."

ನಾನು ಅವನ ಕಪಾಳಕ್ಕೆ ಹೊಡೆದೆ. ಹೊಡೆಸಿಕೊಂಡ. ಇನ್ನೊಂದು ಹೊಡೆದೆ. ಔಷಧಿ ಅಂಗಡಿಯವನು ಒಳಗೆ ಹೋದ.

"ಹೇಳು. ಎಲ್ಲಾರ ಮುಂದ ಹೇಳು."

"ಹೇಳಿದ್ರ ನಾ ಜೈಲಿಗೆ ಹೋಗ್ತೀನಿ."

"ಹೋಗು."

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಮಲಾಪುರ ಮುಟ್ಟಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಗೂಟಕ್ಕೆ ತೂಗಿದ್ದ ಅವನ ಎರಡು ಅಂಗಿ ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಗೋಡೆ ಹಸಿಯಾಗುತ್ತದೆ ಅಂತ.

೨ ಜನವರಿ ೨೦೨೫, ಗುರುವಾರ

ತನಿಖಾ ಸಮಿತಿ ಏಳನೇ ತಾರೀಕು ಕಲಬುರಗಿಗೆ ಬರುತ್ತದಂತೆ. ಐವಾನ್-ಎ-ಶಾಹಿಯ ಅತಿಥಿ ಗೃಹದಲ್ಲಿ ಹೇಳಿಕೆ ತೆಗೆದುಕೊಳ್ಳುತ್ತಾರೆ. ಒಂದೇ ದಿನ. ಅವತ್ತು ಬರೆಸದ ಹೆಸರು ಮತ್ತೆ ಎಂದೂ ಬರೆಯುವುದಿಲ್ಲ. ವರದಿಯಲ್ಲಿ ಇಬ್ಬರೇ ಉಳಿಯುತ್ತಾರೆ, ಮೂರನೆಯವನು ಓಡಿಹೋದವನಾಗುತ್ತಾನೆ. ಶಾರದಾಬಾಯಿ ನನ್ನನ್ನೂ ಹೇಳಿಕೆ ಕೊಡುವವರ ಪಟ್ಟಿಯಲ್ಲಿ ಸೇರಿಸಿದ್ದಾಳೆ.

ಓಡಿಹೋದವನು! ನನ್ನ ಗಂಡನನ್ನು ನೀರಿಗೆ ಕೊಡುತ್ತೇನೆ, ಆ ಮಾತಿಗೆ ಕೊಡುವುದಿಲ್ಲ.

ಅರುಣಕುಮಾರನಿಗೆ ಫೋನು ಮಾಡಿದೆ. ಸಮಿತಿಯ ಮಾತೇ ಎತ್ತಲಿಲ್ಲ. "ಒಂದೇ ಒಂದು ಸಲ ಕಮಲಾಪುರಕ್ಕ ಬಾ. ಅವರ ತಾಯಿ ಮುಂದ ಹೇಳು. ಆಕಿಗೆ ಮಗನ ಫಾತಿಹಾ ಓದಸೋದದ," ಅಂದೆ. ಅಷ್ಟು ಅಂದು ಫೋನು ಇಟ್ಟೆ.

೫ ಜನವರಿ, ಭಾನುವಾರ

ಬಂದ. ಮಲ್ಲಿಕಾಳೂ ಬಂದಳು. ಮನೆಗೆ ಬಂದವರು ಒಳಗೆ ಕೂಡಲಿಲ್ಲ, ಅಂಗಳದಲ್ಲೇ ನಿಂತರು. ಕಾಜಿ ಸಾಹೇಬರು, ಮಾವ, ಓಣಿಯ ನಾಲ್ಕು ಹಿರಿಯರು. ಅಮ್ಮಿ ಪರದೆ ಹಾಕಬೇಡ ಅಂದರು. "ಮುಖ ನೋಡಿ ಕೇಳ್ತೀನಿ."

ಅರುಣಕುಮಾರ ಹೇಳಿದ. ಬಾಗಿಲು, ಮೂರು ಸಲ ಬಡಿದದ್ದು, ಸಹಿ. ಒಂದನ್ನೂ ಬಿಡಲಿಲ್ಲ. ಮಾವ ಅಲ್ಲೇ ನೆಲಕ್ಕೆ ಕುಸಿದು ಕೂತರು. "ಫೌಜಿ ಅಂತ ನಾನೇ ಬಾಯಿಬಿಟ್ಟು ಹೇಳಿದೆ," ಅಂತ ಹಣೆ ಬಡಿದುಕೊಂಡರು. ಅಮ್ಮಿ ಮಾತ್ರ ಅರುಣಕುಮಾರನ ಹತ್ತಿರ ಹೋಗಿ ಒಂದೇ ಮಾತು ಕೇಳಿದರು.

"ಉಂಡು ಹೋಗಿದ್ನೇನಪ್ಪ?"

"ಶೆಡ್ಡಿನಾಗ ಇಬ್ಬರೂ ಕೂಡಿ ಉಂ‍ಡೀವ್ರೀ ಅಮ್ಮಿ. ರೊಟ್ಟಿ, ಪುಂಡಿಪಲ್ಯ."

ಕಾಜಿ ಸಾಹೇಬರು ಕಣ್ಣು ಮುಚ್ಚಿ ದುವಾ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ಇದ್ದತ್ ಇವತ್ತಿನಿಂದ ಅಲ್ಲ, ಅವನು ಹೋದ ದಿನದಿಂದ ಎಣಿಸಬೇಕು. ಐವತ್ತೆರಡು ದಿನ ಆಗಲೇ ಕಳೆದಿವೆ.

ಐವತ್ತೆರಡು ದಿನ. ಗೇಟಿನ ಮುಂದೆ ನಿಂತಾಗ, ಧರಣಿಯಲ್ಲಿ ಕೂಗಿದಾಗ, ಅರುಣಕುಮಾರನ ಮೆಟ್ಟಿಲ ಮೇಲೆ ಕೂತಾಗ, ಎಲ್ಲ ಹೊತ್ತೂ ನಾನು ವಿಧವೆಯೇ ಆಗಿದ್ದೆ.

"ಜರೂರು ಕೆಲಸ ಇದ್ದರ ಹಗಲೊತ್ತಿನಾಗ ಹೋಗಿ ಬರಬಹುದಮ್ಮ. ಏಳನೇ ತಾರೀಕು ಹೋಗು, ತಪ್ಪಿಲ್ಲ," ಅಂದರು ಕಾಜಿ. ನಾನು ಹೂಂ ಅಂದೆ. ಒಳಗೆ ಹೋಗಿ ಗಾಜಿನ ಬಳೆ ತೆಗೆದಿಟ್ಟೆ. ಯಾರೂ ತೆಗೆ ಅಂದಿರಲಿಲ್ಲ.

೭ ಜನವರಿ, ಮಂಗಳವಾರ

ಬೆಳಗ್ಗೆ ಬುರ್ಖಾ ಹಾಕಿಕೊಂಡು ಕಾಗದದ ಚೀಲ ಹಿಡಿದು ಹೊಸ್ತಿಲಿಗೆ ಬಂದೆ. ಕಾಲು ಏಳಲಿಲ್ಲ. ಹೊರಗೆ ಶಾರದಾಬಾಯಿ ಆಟೋದಲ್ಲಿ ಕೂತು ಕೂಗುತ್ತಿದ್ದಳು. ನಾನು ಹೊಸ್ತಿಲ ಒಳಗೆ ಕೂತುಬಿಟ್ಟೆ. ಅಮ್ಮಿ ನೋಡಿದರು. ಬೈಯಲಿಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಅರವತ್ತೆಂಟು ವರ್ಷದಲ್ಲಿ ದರ್ಗಾ, ದವಾಖಾನೆ ಬಿಟ್ಟು ಮೂರನೇ ಜಾಗ ಕಾಣದ ಹೆಂಗಸು.

"ನೀ ಕೂಡು. ನಾ ಹೋಗಿ ಬರ್ತೀನಿ."

ಸಂಜೆ ಆರಕ್ಕೆ ಬಂದರು. ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನ ಎದುರಿಗೆ ಕೂತು ಹೇಳಿದರು. ಹೇಳಿದ ಹಾಗೇ ಕನ್ನಡದಲ್ಲಿ ಬರೆಯುತ್ತೇನೆ.

"ಅರುಣ ಬಂದಿದ್ದ ಬೇಟಿ. ಹೇಳಿದ. ಆ ಬಿಳಿ ಅಂಗಿಯಾವ, ಮ್ಯಾನೇಜರ್, ಎದ್ದು ಸುಳ್ಳು ಸುಳ್ಳು ಅಂದ. ಅರುಣ ಒಂದು ಪೇಪರ್ ತೆಗೆದು ಕೊಟ್ಟ, ಅರುಣಂದೇ ಕೈಬರಹದ್ದು. ರಾಟಿ ಪ್ರತಿ ಸಲ ಎಷ್ಟು ಹೊತ್ತು ತಿರುಗೇದ, ಯಾರು ತಿರುವ್ಯಾರ ಅಂತ ತನ್ನ ಸಲುವಾಗಿ ಬರೆದು ಇಟ್ಟಿದ್ದಂತ. ಮೂರು ವರ್ಷದ್ದು. ಎಲ್ಲದರಾಗೂ ನಮ್ಮ ಗುಫ್ರಾನ್ ಹೆಸರು. ಸಾಹೇಬ ಓದಿದ. ಬಿಳಿ ಅಂಗಿಯಾವ ಕುಂತ. ಅರುಣಗ ಹೊರಗ ಪೊಲೀಸರು ಕರಕೊಂಡು ಹೋದರು. ಮಲ್ಲಿಕಾ ಹಿಂದಿಂದ ನಡಕೋತ ಹೋದಳು, ಅಳಲಿಲ್ಲ ಆ ಹುಡುಗಿ."

"ಹೆಸರು ಬರಕೊಂಡ್ರಾ ಅಮ್ಮಿ?"

"ಬರಕೊಂಡ್ರು. ಸತ್ತವರು ಮೂವರು ಅಂತ ಬರಕೊಂಡ್ರು. ಆಮ್ಯಾಲ ಗುಮಾಸ್ತ ಕೇಳಿದ, ಅಮ್ಮಾ, ಇಲ್ಲೊಂದು ತುಂಬೋ ಖಾನಿ ಅದ, ನಿಮ್ಮ ಮಗ ಸಿವಿಲ್ಲೋ ಮಿಲಿಟ್ರಿಯೋ? ಪೈಲಟಿಗಿ ಸಿವಿಲ್ ಅಂತ ಬರದೀವಿ. ಇವಗ ಏನಂತ ಬರೀಲಿ? ನಿಮ್ಮ ಯಜಮಾನರು ಫೌಜಿ ಅಂತ ಹೇಳ್ಯಾರಂತಲ್ಲ? ಅಂದ. ಎಲ್ಲಾರೂ ನನ್ನ ನೋಡಿದ್ರು. ಖಾಲಿ ಬಿಡ್ತೀನಿ ಅಂದ. ಖಾಲಿ ಬಿಡಬ್ಯಾಡ ಅಂದೆ. ಖಾಲಿ ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಗ್ಯಾದ."

"ಮತ್ತ ಏನಂದ್ರಿ?"

"ದುಡಿಯೋನು ಇದ್ದ ಸಾಹೇಬ, ಹಂಗಂತ ಬರಿ ಅಂದೆ. ಆ ಖಾನಿಗೆ ಅದು ಬರಂಗಿಲ್ಲ ಅಂದ. ಬರೀತನಕ ನಾ ಹೆಬ್ಬೆಟ್ಟು ಒತ್ತಂಗಿಲ್ಲ ಅಂದೆ. ಶಾರದಾಬಾಯಿ ನನ್ನ ಬಗಲಾಗ ಬಂದು ನಿಂತಳು. ಕಡೀಕ ದೊಡ್ಡ ಸಾಹೇಬ ಬರಕೋ ಅಂದ. ಕಾರ್ಮಿಕ ಅಂತ ಬರೆದಾರ. ಮೂರು ಸಲ ಓದಿಸಿ ಕೇಳೀನಿ. ಆಮ್ಯಾಲ ಒತ್ತೀನಿ."

ಅಷ್ಟು ಹೇಳಿ ಗೋಡೆಗೆ ಆತರು. ನಾನು ಅವರ ಪಾದದ ಧೂಳು ಒರೆಸಿದೆ. ಮಾವ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅವರ ಬೆನ್ನು ಅಲುಗುತ್ತಿತ್ತು.

ನಾಳೆ ಫಾತಿಹಾ. ಪುಂಡಿಪಲ್ಯ ಮಾಡಿಸಬೇಕು ಅಂದರು ಅಮ್ಮಿ, ಅವನಿಗೆ ಇಷ್ಟ. ಅಷ್ಟು ಅಂದು ಎದ್ದು ಅಡುಗೆ ಮನೆಗೆ ಹೋದರು. ಡಬ್ಬಿ ತೆಗೆದ ಸದ್ದಾಯಿತು. ಆಮೇಲೆ ಕೇಳಿತು, ಐವತ್ತನಾಲ್ಕು ದಿನದಿಂದ ಹಲ್ಲು ಕಚ್ಚಿ ಹಿಡಿದಿದ್ದ ಅಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಹೆಂಗಸರು ಬರುತ್ತಿದ್ದಾರೆ.

ಹೋಗಿ ಅವರ ಪಕ್ಕ ಕೂಡುತ್ತೇನೆ.